ಗೇರೆಣ್ಣೆ ಕುಡಿದ ಹಡಗು

ನಮ್ಮೂರಿಗೆ ಮೊಬೈಲ್ ಸಿಗ್ನಲ್ ಬರುವುದು ಬೇಸಿಗೆಯಲ್ಲಿ ಮಾತ್ರ. ನಾನು ಹೇಳಿದ್ದನ್ನೆಲ್ಲ ತಮಾಷೆ ಎಂದುಕೊಳ್ಳುವ ಜನರಿದ್ದಾರೆ, ಆದರೆ ಇದು ನಿಜ. ಹೊಸನಗರ ತಾಲೂಕಿನ ನಮ್ಮ ಕಡೆ ಹಿನ್ನೀರು ಇಳಿದು, ಕೆಸರು ಒಣಗಿ ಬಿರುಕು ಬಿಟ್ಟು, ಮುಳುಗಿಹೋದ ಕಾಡಿನ ಕರೀ ಬೊಡ್ಡೆಗಳು ಒಂದೊಂದಾಗಿ ಮೇಲೆದ್ದ ಮೇಲೆ, ಅವುಗಳ ನಡುವೆ ಒಂದು ಹಳೇ ಮರದ ದೋಣಿಯ ಮೂತಿ ಕಾಣಿಸುತ್ತದೆ. ಆ ಮೂತಿಯ ಮೇಲೆ ಹತ್ತಿ, ಜೋಗದ ದಿಕ್ಕಿಗೆ ತಿರುಗಿ, ಬಲಗೈಯನ್ನು ತುಸು ಮೇಲಕ್ಕೆತ್ತಿ ನಿಂತರೆ ಫೋನು ಮಾತಾಡುತ್ತದೆ. ಊರಿನ ಹುಡುಗರೆಲ್ಲ ಸರದಿ ಪ್ರಕಾರ ಅಲ್ಲಿ ನಿಂತು ಹುಡುಗಿಯರ ಜೊತೆ ಮಾತಾಡುತ್ತಾರೆ. ನಾನೂ ನಿಂತಿದ್ದೇನೆ. ನನ್ನ ಜೊತೆ ಮಾತಾಡುವ ಹುಡುಗಿ ಇಲ್ಲದ್ದರಿಂದ ಎರಡೂ ಧ್ವನಿ ನಾನೇ ಮಾಡುತ್ತಿದ್ದೆ.

ನಾನು ಮಿಮಿಕ್ರಿ ಮಾಡುವವನು. ಮಾವನ ಮೈಕ್‌ಸೆಟ್ಟಿನ ಅಂಗಡಿಯಲ್ಲಿ ದುಡಿಮೆ. ಮದುವೆಗೋ ಶಾಲೆಯ ವಾರ್ಷಿಕೋತ್ಸವಕ್ಕೋ ಮೈಕು ಕಟ್ಟಲು ಹೋದಾಗ 'ಹಲೋ ಟೆಸ್ಟಿಂಗ್' ಎಂಬುದನ್ನು ಊರಿನ ಪ್ರಮುಖರೆಲ್ಲರ ಧ್ವನಿಯಲ್ಲಿ ಹೇಳುತ್ತೇನೆ, ಜನ ನಗುತ್ತಾರೆ, ಆಮೇಲೆ ಪ್ರಮುಖರು ಬಂದು ತಮ್ಮ ಧ್ವನಿಯಲ್ಲೇ ಮಾತಾಡಿದಾಗ ಇನ್ನೂ ಹೆಚ್ಚು ನಗುತ್ತಾರೆ. ಎಷ್ಟೋ ದಿನ ನಾನು ಸ್ವಂತ ಧ್ವನಿಯಲ್ಲಿ ಮಾತಾಡುವುದೇ ಇಲ್ಲ. ಮಾತಾಡಿದರೆ ಮನೆಯ ನಾಯಿ ಯಾರೋ ಹೊರಗಿನವರು ಬಂದರೆಂದು ಬೊಗಳುತ್ತದೆ.

ನನ್ನ ಐಟಂಗಳಲ್ಲೆಲ್ಲ ಹೆಚ್ಚು ಓಡುತ್ತಿದ್ದದ್ದು 'ಹಡಗಜ್ಜ'. ಹಡಗಜ್ಜ ಎಂದರೆ ನನ್ನ ಸ್ವಂತ ಅಜ್ಜ, ಅಮ್ಮನ ಅಪ್ಪ. ಹೆಸರು ನಾನಿಟ್ಟದ್ದಲ್ಲ, ಊರಿನವರದು. ಕೆಸರಿನಲ್ಲಿರುವ ಆ ದೋಣಿ ಅಜ್ಜನ ಮನೆತನದ್ದು. ಅಣೆಕಟ್ಟೆಯ ನೀರು ಬರುವ ಮೊದಲು ಅಲ್ಲಿ ಹೊಳೆ ಹರಿಯುತ್ತಿತ್ತು. ಎತ್ತು ಸಮೇತ ಗಾಡಿಯನ್ನು ಈ ದಡದಿಂದ ಆ ದಡಕ್ಕೆ ದಾಟಿಸುವ ದೊಡ್ಡ ದೋಣಿ ಅದು. ಅಜ್ಜ ಹುಡುಗನಾಗಿದ್ದಾಗ ತನ್ನ ಅಪ್ಪನ ಜೊತೆ ಬಿದಿರಿನ ಜಲ್ಲೆ ಊರಿ ಅದನ್ನು ನಡೆಸಿದವರು. ನೀರು ಏರಿದಾಗ ಜನ ಮನೆಯ ಬಾಗಿಲು, ತೊಟ್ಟಿಲು, ಒರಳು ಎಲ್ಲ ಹೊತ್ತು ಗುಡ್ಡ ಹತ್ತಿದರು. ದೋಣಿಯನ್ನು ಹೊರುವವರು ಯಾರು? ಮರಕ್ಕೆ ಕಟ್ಟಿಹಾಕಿ ಬಂದರು. ಮರವೂ ಮುಳುಗಿತು, ದೋಣಿಯೂ ಮುಳುಗಿತು.

ಅಜ್ಜ ಅದನ್ನು ಯಾವತ್ತೂ ದೋಣಿ ಎಂದವರಲ್ಲ. ಹಡಗು. ತನ್ನ ಅಪ್ಪನಿಂದ ಕೇಳಿದ ಕಥೆಯೂ ಒಂದೇ, ಹೇಳುವ ಕ್ರಮವೂ ಒಂದೇ. ಮೊದಲು ಕವಳಕ್ಕೆ ವೀಳ್ಯದೆಲೆಯ ತೊಟ್ಟು ಮುರಿಯಬೇಕು. ಆಮೇಲೆ, "ನಮ್ಮಜ್ಜ ಕಾಡಿಗೆ ಹೋದ್ರು." ಸುಣ್ಣ ಸವರಬೇಕು. "ಒಂದು ಹೆಬ್ಬಲಸಿನ ಮರ ಕಂಡ್ರು." ಅಡಿಕೆ ಬಾಯಿಗೆ. "ಕೈ ಮುಗಿದ್ರು. ಕಡಿದ್ರು." ಇಲ್ಲೊಂದು ದೀರ್ಘ ಮೌನ, ಕೇಳುವವನು ಎದ್ದು ಹೋಗುವಷ್ಟು. ಆಮೇಲೆ ಬೆರಳೊಂದನ್ನು ಆಕಾಶಕ್ಕೆ ಚುಚ್ಚಿ, "ಒಂದೇ ಮರ! ಒಂದೇ ಮರದಲ್ಲಿ ಹಡಗು ಎಬ್ಸಿದ್ರು ಕಣಾ!"

ಊರವರು, "ಗಾಡಿ ದಾಟ್ಸೋ ದೋಣಿಗೆ ಹಡಗು ಅಂತೀರಲ್ಲ ಅಜ್ಜ, ಹಂಗಾದ್ರೆ ನಮ್ಮನೆ ಬಚ್ಚಲು ಸಮುದ್ರನಾ?" ಎಂದು ಕಾಲೆಳೆಯುತ್ತಿದ್ದರು. ಅಜ್ಜ ಸೋಲುತ್ತಿರಲಿಲ್ಲ. "ನಗರದ ಕೋಟೆ ನೋಡಕ್ಕೆ ಎಲ್ಲಿಂದೆಲ್ಲ ಬರ್ತಾರೆ. ಅಲ್ಲಿ ಬರೀ ಕಲ್ಲು. ನಮ್ಮ ಹಡಗು ನೋಡಕ್ಕೆ ಒಬ್ರೂ ಬರಲ್ಲ, ನೋಡು ಅನ್ಯಾಯ," ಎನ್ನುತ್ತಿದ್ದರು.

ತೀರ್ಥಹಳ್ಳಿಯ ಒಂದು ಮದುವೆಯಲ್ಲಿ ನಾನು ಹಡಗಜ್ಜನ ಐಟಂ ಮಾಡಿದೆ. ಎಲೆಯ ತೊಟ್ಟಿನಿಂದ ಆಕಾಶದ ಬೆರಳಿನವರೆಗೆ. ಗಂಡಿನ ಕಡೆಯವರು ಊಟ ಬಿಟ್ಟು ನಕ್ಕರು. ಹೆಣ್ಣಿನ ಕಡೆಯ ಒಬ್ಬ ಅತ್ತೆಯಂತೂ ನಕ್ಕು ನಕ್ಕು, ಕಣ್ಣೊರೆಸಿಕೊಂಡು, ನೇರ ನಮ್ಮ ಮನೆಯ ಲ್ಯಾಂಡ್‌ಲೈನಿಗೆ ಫೋನು ಮಾಡಿ ಅಜ್ಜನಿಗೇ ಚಾಚೂ ತಪ್ಪದೆ ವರದಿ ಒಪ್ಪಿಸಿದಳು. ನಾನು ಮನೆಗೆ ಬಂದಾಗ ಅಜ್ಜ ಜಗಲಿಯಲ್ಲಿ ಕೂತಿದ್ದರು. ನನ್ನ ಕಡೆ ತಿರುಗಲಿಲ್ಲ. ಒಳಗಿದ್ದ ಅಜ್ಜಿಗೆ ಹೇಳಿದರು: "ಏ ಇವ್ಳೇ, ಕಲಾವಿದ್ರು ಬಂದಾರೆ. ಅವ್ರಿಗೆ ಊಟ ಬಡ್ಸು."

ಅಂದಿನಿಂದ ನನಗೆ ಏನು ಹೇಳುವುದಿದ್ದರೂ ಅಜ್ಜಿಯ ಮೂಲಕವೇ. "ಕಲಾವಿದ್ರು ಲೈಟ್ ಆರ್ಸ್ಲಿ." "ಕಲಾವಿದ್ರ ಚಪ್ಲಿ ದಾರೀಲಿದೆ." ಅಜ್ಜಿ ನಿಟ್ಟೂರಿನ ಕಡೆಯವರು, ಬಾಯಿ ಜೋರು. "ನಿಮ್ಮಿಬ್ರ ನಡುವೆ ನಾನೇನು ಟೆಲಿಫೋನ್ ಕಂಬನಾ?" ಎಂದು ಇಬ್ಬರಿಗೂ ಬೈದರು.

ನಾನೋ, ಬುದ್ಧಿ ಕಲಿಯುವವನಲ್ಲ. ಅದೇ ಬೇಸಿಗೆ ದೋಣಿಯ ಮೂತಿಯ ಮೇಲೇ ನಿಂತು ಹಡಗಜ್ಜನ ರೀಲ್ಸ್ ಮಾಡಿ ಬಿಟ್ಟೆ. ಅದು ಎಲ್ಲೆಲ್ಲೋ ಓಡಿತು. ಕೊನೆಗೆ ಪರಿಚಯವಿಲ್ಲದ ಒಬ್ಬ ಅಕ್ಕನಿಂದ ಮೆಸೇಜು ಬಂತು: 'ನೀವು ನಿಂತಿರುವ ಜಾಗಕ್ಕೆ ದಾರಿ ಹೇಳುವಿರಾ?' ಅಭಿಮಾನಿ ಎಂದುಕೊಂಡೆ. ಸಾಗರದ ಬಸ್‌ಸ್ಟ್ಯಾಂಡಿಗೆ ಬೈಕಿನಲ್ಲಿ ಕರೆತರಲು ಹೋದಾಗ ಇಸ್ತ್ರಿಯ ಅಂಗಿಯನ್ನೂ ಹಾಕಿದ್ದೆ.

ಅವಳು ಕರಾವಳಿಯವಳು. ಬ್ರಿಟಿಷರ ಕಾಲದಲ್ಲಿ ಮುಳುಗಿದ ಮರದ ಹಡಗುಗಳ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹಡಗು ಯಾಕೆ ಮುಳುಗಿತು ಎಂಬುದಕ್ಕಿಂತ ಅದನ್ನು ಹೇಗೆ ಕಟ್ಟಿದ್ದರು ಎಂಬುದೇ ಅವಳಿಗೆ ಮುಖ್ಯ. ಯಾವ ಮರ, ಯಾವ ಮೊಳೆ, ಹಲಗೆಗೆ ಹಲಗೆ ಹೇಗೆ ಕೂಡಿಸಿದರು, ಸಂದಿಗೆ ಏನು ತುಂಬಿದರು. ದಾರಿಯಲ್ಲಿ ನಾನು ಮೆಲ್ಲಗೆ ಕೇಳಿದೆ, "ನನ್ನ ರೀಲ್ಸ್ ಹೆಂಗಿತ್ತಕ್ಕ?"

"ಸೌಂಡ್ ಆಫ್ ಮಾಡಿ ನೋಡಿದ್ದು ಮಾರಾಯ. ನಿನ್ನ ಕಾಲಿನ ಹತ್ರ ಒಂದು ಅಡ್ಡಮರ ಕಾಣ್ತಿತ್ತು. ಅದರ ಜೋಡಣೆ ಎಷ್ಟು ಚಂದ ಉಂಟು! ನೀನು ನಡುವೆ ನಡುವೆ ಅಡ್ಡ ಬರ್ತಿದ್ದೆ."

ಅಭಿಮಾನಿಯ ಪ್ರಕರಣ ಅಲ್ಲಿಗೆ ಮುಗಿಯಿತು.

ಅಜ್ಜ ಅವಳನ್ನು ಕಂಡು ಹತ್ತು ವರ್ಷ ಚಿಕ್ಕವರಾದರು. ಹಡಗು ನೋಡಲು ಓದಿದವಳೊಬ್ಬಳು ಬಂದಿದ್ದಾಳೆ! ಕೋಲನ್ನು ಬಿಟ್ಟೇ ಬಿಸಿಲಲ್ಲಿ ಕೆಸರಿಗೆ ಇಳಿದರು. ಅಕ್ಕ ದೋಣಿಯ ಸುತ್ತ ದಾರ ಕಟ್ಟಿದಳು, ಒಂದೊಂದು ಮರಕ್ಕೂ ನಂಬರು ಬರೆದ ಚೀಟಿ ಕಟ್ಟಿದಳು, ಬ್ರಶ್ಶಿನಲ್ಲಿ ಮಣ್ಣು ಸರಿಸಿದಳು, ಎಲ್ಲ ಮೂಲೆಯಿಂದ ಫೋಟೋ ತೆಗೆದಳು. ಅವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿದರೆ ದೋಣಿಯನ್ನು ತೆರೆಯ ಮೇಲೆ ತಿರುಗಿಸಿ ನೋಡಬಹುದಂತೆ. ಒಮ್ಮೆಲೇ ಬಿಸಿಲಿಗೆ ಬಿದ್ದರೆ ಮರ ಸೀಳುತ್ತದೆ ಎಂದು ಗೋಣಿಚೀಲ ಹೊದಿಸಿ ನೀರು ಹಾಕುವ ಕೆಲಸ ನನ್ನದು. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಪಂಪನ್ನು ತಂದು ನೀರು ಹಾರಿಸುತ್ತಿದ್ದೆ. ನೋಡಲು ಬಂದವರು, "ಎಂತ ಮಾರಾಯ, ದೋಣಿಗೂ ಕೊಳೆರೋಗ ಬಂತಾ?" ಎನ್ನುತ್ತಿದ್ದರು. ಚಹಾದಂಗಡಿಯವನು ದಿನಾ ಸಂಜೆ ಬಂದು ತಗ್ಗಿದ ಧ್ವನಿಯಲ್ಲಿ, "ನಿಧಿ ಸಿಕ್ತಾ?" ಎಂದು ಕೇಳಿ ಹೋಗುತ್ತಿದ್ದ. ಒಂದು ದಿನ ಅಕ್ಕ ಅಂಗೈಯಲ್ಲಿ ತುಕ್ಕು ಹಿಡಿದ ಮೊಳೆಯೊಂದನ್ನು ಇಟ್ಟು ಸಂತೋಷದಿಂದ ತೋರಿಸಿದಳು. ಮರುದಿನದಿಂದ ಅವನು ಬರಲಿಲ್ಲ.

ಅಜ್ಜ ಎರಡನೇ ದಿನವೇ ವಿಷಯಕ್ಕೆ ಬಂದಿದ್ದರು. "ತಂಗಿ, ನೀನು ಇದರ ಬಗ್ಗೆ ಬರೀತೀಯಲ್ಲ, ಅದ್ರಲ್ಲಿ ಕಟ್ಟಿದವ್ರು ಯಾರು ಅಂತಾನೂ ಬರೀತೀಯಾ?"

"ಗೊತ್ತಾದ್ರೆ ಖಂಡಿತ ಬರೀತೇನೆ ಅಜ್ಜ."

"ಗೊತ್ತಾದ್ರೆ ಎಂತ? ನಾನೇ ಹೇಳ್ತಾ ಇದೀನಲ್ಲ! ನಮ್ಮಜ್ಜ. ಒಂದೇ ಮರ."

ಅಂದಿನಿಂದ ಅಜ್ಜನಿಗೆ ಊಟ ತಿಂಡಿಗಿಂತ ಅದೇ ಹೆಚ್ಚಾಯಿತು. ಮನೆ, ಗದ್ದೆ, ದನದ ಕೊಟ್ಟಿಗೆ ಎಲ್ಲ ನೀರಿನಡಿಗೆ ಹೋಗಿದ್ದವು. ಅವರ ಹಿರಿಯರು ಇಲ್ಲಿ ಬಾಳಿದ್ದರು ಎನ್ನಲು ಮೇಲೆ ಉಳಿದಿದ್ದದ್ದು ಈ ದೋಣಿ ಮತ್ತು ಆ ಕಥೆ. ಕಥೆಗೆ ಊರೇ ನಗುತ್ತಿತ್ತು. ಮೊಮ್ಮಗ ಅದಕ್ಕೆ ಮೈಕು ಬೇರೆ ಕಟ್ಟಿದ್ದ. ಈಗ ಅಚ್ಚಿನಲ್ಲಿ ಬಂದುಬಿಟ್ಟರೆ ಯಾರ ಬಾಯಿಯೂ ಏಳುವುದಿಲ್ಲ. ಅಜ್ಜಿಗೆ ಅವರು ಹೇಳಿದ್ದು ನನಗೂ ಕೇಳಲಿ ಎಂದೇ: "ತಂಗಿ ಬರೆದ ಮೇಲೆ ಕಲಾವಿದ್ರ ಬಾಯಿ ಬಂದ್."

ತೊಂದರೆ ಎಂದರೆ ಅಕ್ಕ ಹೂಂ ಎನ್ನುತ್ತಿರಲಿಲ್ಲ. ತಳದ ಹಲಗೆಯ ತುದಿಯನ್ನು ಸಣ್ಣ ಭೂತಗನ್ನಡಿಯಲ್ಲಿ ನೋಡಿ, "ಇದು ತೇಗ ಅನ್ನಿಸ್ತದೆ," ಎಂದಳು. ಅಜ್ಜನ ಮುಖ ಹುಳಿ ತಿಂದಂತಾಯಿತು. "ತೇಗನೂ ಇಲ್ಲ ಬಾಗೆನೂ ಇಲ್ಲ. ಹೆಬ್ಬಲಸು." ಅದರ ಜೊತೆಗೆ ಪಕ್ಕೆಲುಬಿನ ಹಾಗೆ ಬಾಗಿದ ಅಡ್ಡಮರಗಳಲ್ಲಿ ಅಲ್ಲಲ್ಲಿ ಖಾಲಿ ತೂತುಗಳಿದ್ದವು. ಯಾವ ಹಲಗೆಗೂ ಸಂಬಂಧವಿಲ್ಲದ ಜಾಗದಲ್ಲಿ, ಅಂಚಿಗೆ ಹಸಿರು ಕಲೆ. ತಾಮ್ರದ ಕಿಲುಬು ಎಂದಳು. ಈ ದೋಣಿಯಲ್ಲಿ ಇರುವ ಮೊಳೆಗಳೆಲ್ಲ ಕಬ್ಬಿಣದವು, ಹಾಗಾದರೆ ತಾಮ್ರ ಎಲ್ಲಿಂದ ಬಂತು? ಅದೇ ಅವಳ ತಲೆನೋವು. ಅಜ್ಜ ಅದಕ್ಕೂ ಉತ್ತರ ಕೊಟ್ಟರು. "ನಮ್ಮಜ್ಜನಿಗೆ ಕೈ ಸುಮ್ನಿರ್ತಿರ್ಲಿಲ್ಲ. ತೂತು ಹೊಡ್ಯೋ ಅಭ್ಯಾಸ."

ಮೋಡ ಕಟ್ಟತೊಡಗಿತು. ಕೊಡಚಾದ್ರಿಯ ಕಡೆ ಗುಡುಗು ಕೇಳಿದಾಗಲೆಲ್ಲ ಅಕ್ಕ ತಲೆಯೆತ್ತಿ ನೋಡುತ್ತಿದ್ದಳು. ಮಳೆ ಹಿಡಿದು ನೀರು ಏರಿದರೆ ಇನ್ನು ಮುಂದಿನ ಬೇಸಿಗೆಯೇ. ಅದೂ ನೀರು ಅಷ್ಟು ಇಳಿದರೆ. ಉಳಿದಿದ್ದ ಕೆಲಸ ತಳದ ಹೊರಮೈ ಒಂದೇ. ಮಣ್ಣು ಬಿಡಿಸಿ ಆಗಿತ್ತು. ಕ್ಯಾಮೆರಾದ ಬ್ಯಾಟರಿಗೆ ಏನೋ ಆಗಿ ಒಂದು ದಿನ ನಾವಿಬ್ಬರೂ ಸಾಗರಕ್ಕೆ ಹೋದೆವು. "ಅಜ್ಜ, ಸ್ವಲ್ಪ ನೋಡಿಕೊಳ್ಳಿ. ದನ ಬರದ ಹಾಗೆ," ಎಂದು ಅಕ್ಕ ಹೇಳಿದ್ದಳು.

ಅಜ್ಜ ನೋಡಿಕೊಂಡರು. ಎಷ್ಟು ಚೆನ್ನಾಗಿ ನೋಡಿಕೊಂಡರೆಂದರೆ, ಮಧ್ಯಾಹ್ನ ನಾವು ಬಂದು ದಡದ ಮೇಲೆ ಬೈಕು ನಿಲ್ಲಿಸಿದಾಗ ದೋಣಿ ಕೆಳಗೆ ಹೊಸ ಕಾರಿನ ಹಾಗೆ ಮಿಂಚುತ್ತಿತ್ತು. ಕಡುಗಪ್ಪು. ಗಾಳಿಯಲ್ಲಿ ಮೂಗು ಉರಿಯುವ ವಾಸನೆ.

ಗೇರೆಣ್ಣೆ! ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆಯನ್ನು ನಮ್ಮ ಕಡೆ ದೋಣಿ ಇದ್ದವರೆಲ್ಲ ಮಳೆಗಾಲಕ್ಕೆ ಮೊದಲು ಮರಕ್ಕೆ ಬಳಿಯುತ್ತಾರೆ. ಅದನ್ನು ಬಳಿಯದೆ ದೋಣಿಯನ್ನು ನೀರಿಗೆ ಬಿಡುವುದೆಂದರೆ ಮಗುವಿಗೆ ಎಣ್ಣೆ ನೀರು ಹಾಕದೆ ಹಬ್ಬಕ್ಕೆ ಕಳಿಸಿದ ಹಾಗೆ. ಅಜ್ಜ, ಅಜ್ಜಿ, ಪಕ್ಕದ ಮನೆಯ ಇಬ್ಬರು ಗಂಡಸರು, ಎಲ್ಲರ ಮೊಣಕೈವರೆಗೂ ಕಪ್ಪು. ಎಲ್ಲರ ಮುಖದಲ್ಲೂ ಒಳ್ಳೆಯ ಕೆಲಸ ಮಾಡಿದವರ ಬೆಳಕು.

"ಬಂದ್ರಾ? ನೋಡು ತಂಗಿ," ಎಂದು ಅಜ್ಜ ಕೂಗಿದರು. "ನೀರು ಬಂದ ಮೇಲೆ ಪಾಪ ಇದಕ್ಕೆ ಒಂದು ತೊಟ್ಟು ಎಣ್ಣೆ ಇಲ್ಲ. ಮೋಡ ನೋಡ್ದೆ. ತಡೀಲಿಲ್ಲ."

ಅಕ್ಕ ಕೆಳಗಿಳಿದು ಸುತ್ತ ಒಂದು ಸಲ ನಡೆದಳು. "ಚೀಟಿ?" ಎಂದಳು.

ಅಜ್ಜಿ ಹೆಮ್ಮೆಯಿಂದ ಬುಟ್ಟಿಯೊಂದನ್ನು ಎತ್ತಿ ಹಿಡಿದರು. "ಒಂದಕ್ಕೂ ಎಣ್ಣೆ ತಾಗ್ಸಿಲ್ಲ ಮಗಳೇ. ಎಲ್ಲ ಬಿಚ್ಚಿ ಜೋಪಾನವಾಗಿ ಇದ್ರಲ್ಲಿ ಹಾಕಿಟ್ಟಿದೀನಿ. ನಂಬರ್ ಪ್ರಕಾರ ಜೋಡ್ಸಿದೀನಿ ಸಮೇತ!"

ಯಾವ ಚೀಟಿ ಯಾವ ಮರದ್ದು ಎಂಬುದು ಮಾತ್ರ ಆ ಬುಟ್ಟಿಗೂ ದೇವರಿಗೂ ಬಿಟ್ಟದ್ದು. ಅಕ್ಕ ಹತ್ತಿರದ ಬೊಡ್ಡೆಯೊಂದರ ಮೇಲೆ ಕೂತುಬಿಟ್ಟಳು. ಸಂದಿಯಲ್ಲಿ ಹಿಂದಿನವರು ಏನು ತುಂಬಿದ್ದರು ಎಂದು ಪರೀಕ್ಷೆಗೆ ಚೂರು ತೆಗೆಯುವುದಿತ್ತು. ಈಗ ತೆಗೆದರೆ ಪರೀಕ್ಷೆಯಲ್ಲಿ ಸಿಗುವುದು ಅಜ್ಜ ಮೊನ್ನೆ ಕೊಂಡು ತಂದ ಡಬ್ಬದ ಗೇರೆಣ್ಣೆ. ಅವಳು ಅತ್ತಾಳು ಎಂದುಕೊಂಡೆ. ನಗಿಸೋಣ ಎಂದು ಬಾಯಿ ತೆರೆದೆ. ಯಾರ ಧ್ವನಿಯೂ ಬರಲಿಲ್ಲ. ನನ್ನ ಬದುಕಿನಲ್ಲಿ ಅಂಥ ಗಳಿಗೆ ಬಹಳ ಕಡಿಮೆ, ಮನೆಯವರು ಅದಕ್ಕಾಗಿ ಹರಕೆ ಹೊತ್ತದ್ದೂ ಉಂಟು.

ಅಜ್ಜ ಅವಳ ಮುಖ ನೋಡಿದರು. ಕೈಯ ಕಪ್ಪನ್ನು ನೋಡಿಕೊಂಡರು. "ತಪ್ಪಾತನಾ ತಂಗಿ?"

"ತಪ್ಪಲ್ಲ ಅಜ್ಜ..." ಅವಳು ಎದ್ದು ನಿಂತಳು. "ಫೋಟೋ ಎಲ್ಲ ಉಂಟು. ಅದನ್ನು ನೋಡಿ ಚೀಟಿ ಮತ್ತೆ ಕಟ್ಟಬಹುದು. ಈಗ ಒರೆಸುವ. ಒಣಗುವ ಮೊದಲು. ಬೇಗ, ಬೇಗ ಮಾರ್ರೆ!"

ಒರೆಸಿದೆವು. ಹುಲ್ಲು, ತೆಂಗಿನ ನಾರು, ಗೋಣಿ, ಕೊನೆಗೆ ನನ್ನ ಇಸ್ತ್ರಿಯ ಅಂಗಿಯೂ ಹೋಯಿತು. ತಳದ ಹೊರಮೈಯನ್ನು ಉಜ್ಜುತ್ತಿದ್ದವನು ನಾನು. ಉಜ್ಜಿದಷ್ಟೂ ಹಲಗೆಯ ಮೈ ತಿಳಿಯಾಯಿತು. ಆದರೆ ಅಲ್ಲಲ್ಲಿ ದುಂಡನೆ ಕಪ್ಪು ಚುಕ್ಕೆ ಹೋಗಲೇ ಇಲ್ಲ. ಇನ್ನಷ್ಟು ಉಜ್ಜಿದೆ. ಚುಕ್ಕೆಗಳು ಇನ್ನಷ್ಟು ಎದ್ದು ಕಂಡವು. ಹಲಗೆಯ ತುಂಬ, ಸಾಲಿಲ್ಲ, ಲೆಕ್ಕವಿಲ್ಲ, ಸಿಡುಬು ಎದ್ದ ಹಾಗೆ.

"ಅಕ್ಕ, ಇದಕ್ಕೆ ಅಮ್ಮ ಬಂದಾಳೆ ಕಾಣ್ತು," ಎಂದೆ.

ಅಕ್ಕ ಬಂದು ಬಗ್ಗಿ ನೋಡಿದಳು. ಮೊಣಕಾಲೂರಿ ನೋಡಿದಳು. ಆಮೇಲೆ ಕೆಸರಿನಲ್ಲಿ ಅಂಗಾತ ಮಲಗಿಯೇ ನೋಡಿದಳು. "ಗೂಟ," ಎಂದಳು. "ಇವೆಲ್ಲ ಗೂಟ! ತೂತಿಗೆ ಹೊಡೆದು ಸಮ ಕೆತ್ತಿದ್ದಾರೆ. ಗೂಟದ ತುದಿಯಲ್ಲಿ ಮರದ ಎಳೆ ಕಡಿದು ನಿಂತಿರ್ತದಲ್ಲ, ಅದು ಎಣ್ಣೆ ಕುಡೀತದೆ. ಹಲಗೆ ಅಷ್ಟು ಕುಡಿಯುವುದಿಲ್ಲ. ಬೂದು ಬಣ್ಣದಲ್ಲಿ ಒಂದೂ ಕಾಣ್ತಿರಲಿಲ್ಲ, ಅಜ್ಜ! ನಿಮ್ಮ ಎಣ್ಣೆ ತೋರಿಸಿತು."

ಅಜ್ಜನಿಗೆ ಪ್ರಾಣ ಬಂತು. "ನಾನು ಹೇಳ್ಲಿಲ್ವಾ? ಎಣ್ಣೆ ಕೊಡ್ಬೇಕು ಅಂತ."

ಆದರೆ ಅಕ್ಕನ ಧ್ವನಿ ಬದಲಾಗಿತ್ತು. "ಒಂದು ಗೂಟ ತೆಗೆದು ಒಳಗೆ ನೋಡಬೇಕು. ನನಗೊಂದು ಅನುಮಾನ ಉಂಟು. ಅದು ನಿಜ ಆದ್ರೆ..." ಅವಳು ಕೆಸರಿನಿಂದ ಎದ್ದು ಕೂತಳು. "ನಿಮ್ಮ ಒಂದೇ ಮರದ ಕಥೆ ನಿಲ್ಲುವುದಿಲ್ಲ ಅಜ್ಜ. ದೋಣಿ ನಿಮ್ಮದು. ಬೇಡ ಅಂದ್ರೆ ಮುಟ್ಟುವುದಿಲ್ಲ."

ಎಲ್ಲರೂ ಅಜ್ಜನನ್ನು ನೋಡಿದೆವು. ಅವರು ಸಂಚಿ ತೆಗೆದು, ಎಲೆಯ ತೊಟ್ಟು ಮುರಿದು, ಯಾಕೋ ಸುಣ್ಣ ಸವರದೆ ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತರು. ನಾನು ನೂರು ಸಲ ಅಭಿನಯಿಸಿದ ಆ ಮೌನ. ಸ್ಟೇಜಿನ ಮೇಲೆ ಅಲ್ಲಿ ಜನ ನಗುತ್ತಾರೆ. ಅಂದು ನನಗೆ ಅದು ಮುಗಿದರೆ ಸಾಕಾಗಿತ್ತು.

"ತೆಗಿ," ಎಂದರು ಅಜ್ಜ. ಮತ್ತೆ, "ನಿಲ್ಲು. ನೀನು ಬೇಡ. ನಾನೇ ತೆಗೀತೀನಿ."

ಮನೆಯಿಂದ ಉಳಿ ತರಿಸಿದರು. ಗೂಟದ ಸುತ್ತ ಹಲಗೆಗೆ ನೋವಾಗದ ಹಾಗೆ ಮೆಲ್ಲಗೆ ಬಿಡಿಸಿ ಎಳೆದರು. ಬಂತು. ಒಳಗೆ ಬೆರಳು ಹೋಗುವಷ್ಟು ಓಣಿ. ನೆಟ್ಟಗಿರಲಿಲ್ಲ, ಮರದೊಳಗೆ ತಿರುಗಿ ಎಲ್ಲೋ ಹೋಗಿತ್ತು. ಗೋಡೆಗೆಲ್ಲ ಬೆಳ್ಳಗೆ ತೆಳುವಾದ ಲೇಪ. ಅಜ್ಜ ಉಗುರಿನಲ್ಲಿ ಕೆರೆದರು, ಎರಡು ಬೆರಳಿನ ನಡುವೆ ತಿಕ್ಕಿದರು, ಮೂಸಿ ನೋಡಿದರು.

"ಸುಣ್ಣ ಅಲ್ದಾ ಇದು!" ಎಂದು ಅಭ್ಯಾಸಬಲದಿಂದ ಕೈಯಲ್ಲಿದ್ದ ಎಲೆಯ ಕಡೆ ಒಯ್ದರು.

"ಅಯ್ಯೋ ತಿನ್ಬೇಡಿ ಅಜ್ಜ! ಅದು ಹುಳದ ಮನೆ!"

ಅಕ್ಕ ಹೇಳಿದಳು. ಸಮುದ್ರದಲ್ಲಿ ಮರ ತಿನ್ನುವ ಒಂದು ಹುಳ ಇದೆ. ಹುಳ ಎನ್ನುವುದು ಮಾತಿಗೆ, ಅದು ಚಿಪ್ಪಿನ ಜಾತಿಗೆ ಸೇರಿದ್ದು. ಮರದೊಳಗೆ ಕೊರೆಯುತ್ತ ಹೋಗುತ್ತದೆ, ಹೋದ ದಾರಿಗೆಲ್ಲ ಸುಣ್ಣ ಬಳಿಯುತ್ತದೆ. ಉಪ್ಪು ನೀರಿನಲ್ಲಿ ಮಾತ್ರ ಬದುಕುವ ಜಾತಿ ಇದು. ಈ ಹೊಳೆಯ ಸಿಹಿನೀರಿನಲ್ಲಿ ಇರಲಾರದು. ಅಂದರೆ ಈ ತೇಗದ ಹಲಗೆಗಳು, ಬಾಗಿದ ಅಡ್ಡಮರಗಳು, ದೋಣಿಯಾಗುವ ಮೊದಲು ಬಹಳ ಕಾಲ ಸಮುದ್ರದಲ್ಲಿದ್ದವು. ತಾಮ್ರದ ಮೊಳೆ ಹೊಡೆದ ಯಾವುದೋ ಹಡಗಿನಲ್ಲಿ. ಅದು ಒಡೆದಿತ್ತೋ, ಕೆಲಸ ಮುಗಿಯಿತೆಂದು ಬಿಚ್ಚಿದ್ದರೋ ಗೊತ್ತಿಲ್ಲ. ಆ ಮರವನ್ನು ಯಾರೋ ಘಟ್ಟದ ಮೇಲಕ್ಕೆ ತಂದು, ಹುಳದ ತೂತುಗಳಿಗೆಲ್ಲ ಗೂಟ ಹೊಡೆದು, ಮತ್ತೆ ಕಟ್ಟಿದ್ದಾರೆ. ಖಾಲಿ ತೂತಿನ ತಲೆನೋವೂ ಅಲ್ಲಿಗೆ ಹರಿಯಿತು. ಅವು ಹಳೆಯ ಹಡಗಿನ ತೂತುಗಳು.

ಅಜ್ಜಿ ಎಲ್ಲವನ್ನೂ ಕೇಳಿ, "ಅಂದ್ರೆ ನಿಮ್ಮಜ್ಜ ಕಾಡಿಗೆ ಹೋಗ್ಲೇ ಇಲ್ಲ," ಎಂದರು.

ಅಜ್ಜ ಉಳಿಯನ್ನು ಕೆಳಗಿಟ್ಟು ಹೋಗಿ ದಡದ ಮರದ ನೆರಳಿನಲ್ಲಿ ಕೂತರು. ನಾನೂ ಹೋಗಿ ಪಕ್ಕದಲ್ಲಿ ಕೂತೆ.  ಆಮೇಲೆ ಅಜ್ಜ ಮಾತಾಡಿದರು, ಅಜ್ಜಿಯ ಮೂಲಕ ಅಲ್ಲ, ನೇರ ನನಗೇ.

"ನಮ್ಮಪ್ಪ ನಂಗೆ ಸುಳ್ಳು ಹೇಳಿದ್ರನಾ?"

ತಮಾಷೆಯ ಉತ್ತರಗಳು ಹತ್ತಾರು ಬಾಯಿಗೆ ಬಂದವು. ಯಾವುದನ್ನೂ ಹೇಳಲಿಲ್ಲ. "ಗೊತ್ತಿಲ್ಲ ಅಜ್ಜ," ಎಂದೆ. ನನ್ನದೇ ಧ್ವನಿಯಲ್ಲಿ.

ಅಜ್ಜ ಮುಷ್ಟಿ ಬಿಡಿಸಿದರು. ಕಿತ್ತ ಗೂಟ ಅಲ್ಲೇ ಇತ್ತು. ಎಣ್ಣೆ ತಾಗದ ಕಡೆಯನ್ನು ಬಿಸಿಲಿಗೆ ಹಿಡಿದು, ತಿರುಗಿಸಿ, ಉಗುರಿನಿಂದ ಸೀಳಿ ನೋಡಿದರು. ಅವರ ಬೆನ್ನು ನಿಧಾನ ನೆಟ್ಟಗಾಯಿತು. "ತಂಗೀ!" ಎಂದು ಕೂಗಿದ ರಭಸಕ್ಕೆ ಮರದ ಮೇಲಿನ ಹಕ್ಕಿಗಳು ಎದ್ದವು. "ಈ ಗೂಟ ಎಂತ ಮರ, ನಿನ್ನ ಕನ್ನಡೀಲಿ ನೋಡು!"

ಅಕ್ಕ ಓಡಿ ಬಂದು ಕನ್ನಡಿ ಹಿಡಿದಳು. ಆಮೇಲೆ ದೋಣಿಯ ಮೇಲ್ಭಾಗದ ಹಲಗೆಯ ತುದಿಯನ್ನೂ ನೋಡಿ ಬಂದಳು. "ಲ್ಯಾಬಿನಲ್ಲಿ ನೋಡಿಯೇ ಹೇಳಬೇಕು. ಆದ್ರೆ ಗೂಟ, ಮೇಲಿನ ಹಲಗೆ ಎರಡೂ ಒಂದೇ ಜಾತಿ ಅನ್ನಿಸ್ತದೆ. ತೇಗ ಅಲ್ಲ ಇವು. ಹೆಬ್ಬಲಸು."

"ಅದೇ ನಾನು ಹೇಳಿದ್ದು!" ಅಜ್ಜನ ಬೆರಳು ಆಕಾಶಕ್ಕೆ ಎದ್ದೇಬಿಟ್ಟಿತು. "ಒಂದೇ ಮರ! ಗೂಟಕ್ಕೂ ಮೇಲಿನ ಹಲಗೆಗೂ ಒಂದೇ ಮರ! ನಮ್ಮಜ್ಜ ಕಾಡಿಗೆ ಹೋಗಿದ್ರು. ಏ ಇವ್ಳೇ, ಕೇಳ್ತನಾ? ಹೋಗಿದ್ರು!"

"ಕೇಳ್ತು, ಕೇಳ್ತು. ಕಡಲಿಗೂ ಹೋದ್ರು, ಕಾಡಿಗೂ ಹೋದ್ರು. ಮನೇಲಿ ಯಾವಾಗ ಇದ್ರೋ," ಎಂದರು ಅಜ್ಜಿ.

ಒಂದು ಹಡಗಿನ ಮರ ಘಟ್ಟ ಹತ್ತಿದ್ದು ಹೇಗೆ ಎಂದು ನಾನು ಅಕ್ಕನನ್ನು ಕೇಳಿದೆ. ಅಡಿಕೆ, ಮೆಣಸು ಹೇರಿಕೊಂಡು ಕರಾವಳಿಗೆ ಇಳಿದ ಗಾಡಿಗಳು ಉಪ್ಪು, ಒಣಮೀನು ತುಂಬಿಕೊಂಡು ಹತ್ತುತ್ತಿದ್ದವಲ್ಲ, ಹಾಗೇ ಬಂದಿರಬಹುದು ಎಂದಳು. ಕೂಡಲೇ, "ಇದು ನನ್ನ ಊಹೆ, ಇದಕ್ಕೆ ಆಧಾರ ಇಲ್ಲ," ಎಂದು ತಾನೇ ತಿದ್ದಿಕೊಂಡಳು. ಅವಳು ಹಾಗೆಯೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಒಂದು ಬೇಸಿಗೆ ಪೂರ್ತಿ ಕೆಸರಿನಲ್ಲಿ ಕೂರುತ್ತಾಳೆ. ಅಜ್ಜನಿಗೆ ಒಂದು ಕವಳ ಸಾಕು. ಸಂಜೆ ಚಹಾದಂಗಡಿಯಲ್ಲಿ ಹೊಸ ಕಥೆ ಸಿದ್ಧವಾಗಿತ್ತು. "ನಮ್ಮಜ್ಜ ಕಡಲಿಗೆ ಹೋದ್ರು. ಒಂದು ಹಡಗು ಕಂಡ್ರು. ಕೈ ಮುಗಿದ್ರು. ಬಿಚ್ಚಿದ್ರು." ಗಾಡಿಗಳ ಸಾಲು, ಘಟ್ಟದ ತಿರುವಿನಲ್ಲಿ ಅಡ್ಡ ನಿಂತ ಆನೆ, ಆನೆಗೆ ಅವರಜ್ಜ ಹೇಳಿದ ಬುದ್ಧಿಮಾತು, ಎಲ್ಲ ಬಂತು. ನನ್ನ ಹಳೇ ಐಟಂ ಒಂದೇ ಸಂಜೆಯಲ್ಲಿ ಕೆಲಸಕ್ಕೆ ಬಾರದೆ ಹೋಯಿತು. ಹೊಸದನ್ನು ಕಲಿಯಲು ನೋಡಿದೆ, ಆಗುತ್ತಿರಲಿಲ್ಲ. ಆನೆ ದಿನಾ ಬೇರೆ ತಿರುವಿನಲ್ಲಿ ನಿಲ್ಲುತ್ತಿತ್ತು.

ಅಕ್ಕ ಉಳಿದ ಅಳತೆ ಮುಗಿಸಿದಳು. ಚೀಟಿಗಳನ್ನು ಫೋಟೋ ನೋಡಿ ಮತ್ತೆ ಕಟ್ಟುವಾಗ ಅಜ್ಜಿಯನ್ನೇ ಜೊತೆಗೆ ಕೂರಿಸಿಕೊಂಡಳು. ಕಿತ್ತ ಗೂಟವನ್ನು ಪರೀಕ್ಷೆಗೆ ಒಯ್ಯುವೆನೆಂದಾಗ ಅಜ್ಜ ಆ ತೂತಿಗೆ ಹೊಸ ಗೂಟ ಕೆತ್ತಿ ಹೊಡೆದು, ಅದಕ್ಕೂ ಒಂದು ತೊಟ್ಟು ಗೇರೆಣ್ಣೆ ಕುಡಿಸಿದರು. "ಮುಂದೆ ಯಾರಾದ್ರೂ ಓದಿದವ್ರು ಬಂದು ತಲೆ ಕೆಡಿಸ್ಕಳ್ಳಿ," ಎಂದು ನಕ್ಕರು. ಅಕ್ಕ ಅದನ್ನೂ ಬರೆದುಕೊಂಡಳು.

ಮಳೆ ಹಿಡಿಯಿತು. ದಿನಾ ಒಂದಿಷ್ಟು ನೀರು ಏರಿ, ದೋಣಿಯ ತಳ ಹೋಯಿತು, ಹೊಟ್ಟೆ ಹೋಯಿತು. ಮೂತಿ ಒಂದು ಉಳಿದಿದ್ದಾಗ ಅಜ್ಜ, "ಬಾ ಮಗಾ, ಒಂದ್ಸಲ ನೋಡಿ ಬರೋಣ," ಎಂದರು. ಕಲಾವಿದ್ರು ಎನ್ನುವುದು ಯಾವಾಗಲೋ ನಿಂತಿತ್ತು. ಮೊಣಕಾಲುದ್ದ ನೀರಿನಲ್ಲಿ ನಡೆದು ಹೋಗಿ, ನಾನು ಮೂತಿ ಹತ್ತಿ, ಜೋಗದ ಕಡೆ ತಿರುಗಿ ಕೈ ಎತ್ತಿದೆ. ಫೋನು ಬಡಿದುಕೊಂಡಿತು. ಅಕ್ಕ! ಮಳೆಗೆ ಮನೆಯ ಫೋನು ಸತ್ತಿತ್ತು, ಬೆಳಿಗ್ಗೆಯಿಂದ ಹಿಡಿಯಲು ನೋಡುತ್ತಿದ್ದಳಂತೆ. ಸ್ಪೀಕರ್ ಹಾಕಿದೆ.

ಲ್ಯಾಬಿನಲ್ಲಿ ಹೆಬ್ಬಲಸೇ ಎಂದು ಗಟ್ಟಿಯಾಗಿತ್ತು. ವರದಿಯ ಕರಡೂ ಆಗಿತ್ತು. "ಅಜ್ಜ, ಕಟ್ಟಿದವರ ವಿಷಯ ಓದ್ತೇನೆ, ಕೇಳಿ." ಅಜ್ಜ ನೀರಿನಲ್ಲಿ ನಿಂತು ಕಿವಿಗೆ ಕೈ ಹಿಡಿದರು. ಅವಳು ವರದಿಯ ಧ್ವನಿಯಲ್ಲಿ ಓದಿದಳು: "ಸಮುದ್ರಯಾನದ ಹಡಗೊಂದರ ತೇಗದ ಭಾಗಗಳನ್ನು ಮರುಬಳಕೆ ಮಾಡಿ, ಸ್ಥಳೀಯ ಹೆಬ್ಬಲಸಿನೊಂದಿಗೆ ಈ ದೋಣಿಯನ್ನು ಕಟ್ಟಲಾಗಿದೆ. ಕಟ್ಟಿದವರು ಯಾರೆಂಬುದಕ್ಕೆ ದೋಣಿಯಲ್ಲಿ ನೇರ ಪುರಾವೆ ಇಲ್ಲ. ಕುಟುಂಬದ ಹಿರಿಯರ ಹೇಳಿಕೆಯ ಪ್ರಕಾರ, ಅವರ ಅಜ್ಜ." ಸ್ವಲ್ಪ ತಡೆದು, "ಇಷ್ಟೇ ಬರೆಯಲು ಸಾಧ್ಯ ಅಜ್ಜ. ಬೇಜಾರಾ?" ಎಂದಳು.

 ಪುರಾವೆ ಇಲ್ಲ ಎಂಬುದು ಅಜ್ಜನಿಗೆ ನಾಟಿತೇನೋ ಎಂದು ಕೆಳಗೆ ನೋಡಿದೆ. ಅಜ್ಜ ಮೂತಿಯ ಮರವನ್ನು ಎತ್ತಿನ ಕೊರಳು ತಟ್ಟುವ ಹಾಗೆ ತಟ್ಟುತ್ತಿದ್ದರು. "ಹಿರಿಯರ ಹೇಳಿಕೆ ಪ್ರಕಾರ," ಎಂದು ಒಮ್ಮೆ ಬಾಯಲ್ಲಿ ಹೊರಳಿಸಿ ನೋಡಿದರು. "ಬೇಜಾರು ಎಂತಕ್ಕೆ ತಂಗಿ? ಹೇಳಿಕೆ ಯಾರ್ದು? ನಂದು! ಹಡಗು ಅಂತಾನೂ ಬಂದಾತು. ಇಷ್ಟು ವರ್ಷ ಹೇಳಿದ್ದು ದಂಡ ಆಗ್ಲಿಲ್ಲ. ಬಿಡು."

ಹಿಂತಿರುಗುವಾಗ ಚಹಾದಂಗಡಿ ತುಂಬಿತ್ತು. ಅಜ್ಜ ಒದ್ದೆ ಪಂಚೆಯಲ್ಲೇ ನಡುಬೆಂಚಿಗೆ ಕೂತು, ಎಲೆಯ ತೊಟ್ಟು ಮುರಿದು, ಎಲ್ಲರೂ ತಿರುಗುವವರೆಗೆ ಕಾದರು. ಕಥೆ ಶುರು ಮಾಡುತ್ತಾರೆ ಎಂದುಕೊಂಡೆ. ಅವರು ನನ್ನ ಕಡೆ ಗದ್ದ ಎತ್ತಿದರು.

"ಹೇಳಾ. ತಂಗಿ ಧ್ವನೀಲೇ ಹೇಳು."

ನಾನು ಗಂಟಲು ಸರಿಮಾಡಿಕೊಂಡೆ. 'ಸಮುದ್ರಯಾನದ ಹಡಗೊಂದರ' ಎಂದು ಶುರು ಮಾಡಿ, ಅಕ್ಕನ ಹಾಗೆಯೇ ತಡೆದು, 'ಅವರ ಅಜ್ಜ' ಎನ್ನುವವರೆಗೆ ಒಪ್ಪಿಸಿದೆ. ಒಬ್ಬರೂ ನಗಲಿಲ್ಲ. ನನ್ನ ಕಸುಬಿನಲ್ಲಿ ಅದು ಸೋಲು. ಆದರೆ ಆಗ ಬಾಗಿಲಲ್ಲಿ ಇನ್ನಿಬ್ಬರು ಕೊಡೆ ಮಡಚುತ್ತ ಒಳಗೆ ಬಂದರು. ಅಜ್ಜ ಸುಣ್ಣದ ಬೆರಳನ್ನೇ ನನ್ನತ್ತ ತಿರುಗಿಸಿದರು.

"ಮತ್ತೊಮ್ಮೆ ಹೇಳು ಮಗಾ. ಇವ್ರು ಈಗ ಬಂದ್ರು."